ತಮ್ಮನ ಪರವಾಗಿ ಅಕ್ಕ ಸಹಿ ಹಾಕಬೇಕಾ?

ಪ್ರಶ್ನೆ: ನಮ್ಮ ಮನೆ ಕಾಪು ಹತ್ತಿರ. ನಾನು ಮದುವೆಯಾಗಿ ಮಂಗಳೂರಿನಲ್ಲಿದ್ದೇನೆ, ಕೆಲಸಕ್ಕೆ ಹೋಗುತ್ತೇನೆ. ತಮ್ಮನಿಗೆ 27 ವರ್ಷ, ಡೌನ್ ಸಿಂಡ್ರೋಮ್ ಇದೆ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಈಗ ಮನೆಯಲ್ಲಿ ಅವನು ಮತ್ತು 74 ವರ್ಷದ ಅಪ್ಪ ಇಬ್ಬರೇ. ಎರಡು ದನ ಇವೆ. ದಿನಾ ಬೆಳಿಗ್ಗೆ ಡೈರಿಗೆ ಹಾಲು ಕೊಂಡುಹೋಗುವುದು ತಮ್ಮನೇ. ಅವನ ಖಾತೆಗೆ ಎಟಿಎಂ ಕಾರ್ಡ್ ಕೇಳಿದರೆ ಬ್ಯಾಂಕಿನವರು ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ ಎನ್ನುತ್ತಾರೆ. ಅಮ್ಮನ ಕಡೆಯ ಜಾಗ ಪಾಲಾಗುತ್ತಿದೆ. ಮಾವ ಹಕ್ಕು ಬಿಡುಗಡೆ ಪತ್ರಕ್ಕೆ ತಮ್ಮನ ಸಹಿ ಕೇಳುತ್ತಿದ್ದಾರೆ. ಅಪ್ಪನ ನಂತರ ಅವನನ್ನು ನನ್ನ ಫ್ಲಾಟಿಗೆ ಕರೆತರಬೇಕೆಂದಿದ್ದೇನೆ, ಆದರೆ ಅವನು ತುಳುವಿನಲ್ಲಿ 'ಬರ್ಪುಜಿ', ಅಂದರೆ ಬರುವುದಿಲ್ಲ ಅಂತಾನೆ. 'ಗಾರ್ಡಿಯನ್ ಮಾಡಿಸಿಬಿಡು, ಮತ್ತೆ ಎಲ್ಲ ನೀನೇ ನೋಡಿಕೊಳ್ಳಬಹುದು' ಎಂದು ಎಲ್ಲರೂ ಹೇಳುತ್ತಾರೆ. ಮಾಡಿಸಲಾ?

ಉತ್ತರ: ಈಗ ಬೇಡ. ಮುಂದೆ ಯಾವುದಾದರೂ ಒಂದು ಕೆಲಸಕ್ಕೆ ಗಾರ್ಡಿಯನ್ ಬೇಕೇ ಬೇಕು ಎಂದಾದರೆ ಆಗ ನೋಡೋಣ. 'ಎಲ್ಲ ನೀನೇ ನೋಡಿಕೊಳ್ಳಬಹುದು' ಎಂಬ ಕಾರಣಕ್ಕಂತೂ ಖಂಡಿತ ಮಾಡಿಸಬೇಡಿ.

ಮಂಗಳೂರು, ಉಡುಪಿಯ ಕುಟುಂಬಗಳ ಜೊತೆ ಕೆಲಸ ಮಾಡುವ ನನಗೆ ಜಾಸ್ತಿ ಬರುವ ಪ್ರಶ್ನೆ ಇದೇ. ತಂದೆ ತಾಯಿಗೆ ವಯಸ್ಸಾಗುತ್ತದೆ, ಎಲ್ಲೋ ಒಂದು ಕಚೇರಿಯಲ್ಲಿ ಸರ್ಟಿಫಿಕೇಟ್ ಕೇಳುತ್ತಾರೆ, ಮನೆಯವರು ಹೆದರಿ ಅರ್ಜಿ ಹಾಕುತ್ತಾರೆ. 'ಇವನಿಗೆ ತಿಳಿಯುತ್ತದಾ, ಇಲ್ಲವಾ' ಎಂದು ಒಂದೇ ಸಲ ತೀರ್ಮಾನ ಮಾಡಿ ಮುಗಿಸುವ ಆತುರ ಇದು. ಆದರೆ ನಿಮ್ಮ ಪತ್ರದಲ್ಲೇ ಮೂರು ವಿಷಯ ಇವೆ: ಎಟಿಎಂ ಕಾರ್ಡ್, ಜಾಗದ ಕಾಗದ, ಮುಂದೆ ಎಲ್ಲಿ ಇರುವುದು ಎಂಬುದು. ಒಂದೊಂದರಲ್ಲೂ ತಮ್ಮನಿಗೆ ಎಷ್ಟು ಗೊತ್ತು, ಯಾರ ಸಹಾಯ ಬೇಕು ಎನ್ನುವುದು ಬೇರೆ ಬೇರೆ. ನಾವೂ ನೀವೂ ಹಾಗೇ ಅಲ್ವಾ? ಮನೆ ಸಾಲ ತೆಗೆಯುವ ಮೊದಲು ಪರಿಚಯದ ಬ್ಯಾಂಕಿನವರನ್ನು ಕೇಳುತ್ತೇವೆ. ಆಪರೇಷನ್ ಎಂದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತೇವೆ. ಹಾಗೆ ಕೇಳಿದೆವು ಎಂದು ನಮ್ಮ ಸಹಿಯ ಹಕ್ಕನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ನಿಮ್ಮ ತಮ್ಮ ಸ್ವಲ್ಪ ಜಾಸ್ತಿ ಜನರನ್ನು, ಸ್ವಲ್ಪ ಜಾಸ್ತಿ ಸಲ ಕೇಳಬೇಕಾಗಬಹುದು, ಅಷ್ಟೇ.

ಕಾನೂನು ಏನು ಹೇಳುತ್ತದೆ ಎಂದು ಮೊದಲು ನೋಡೋಣ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ (ಡೌನ್ ಸಿಂಡ್ರೋಮ್ ಇರುವವರು ಸಾಮಾನ್ಯವಾಗಿ ಇದರಲ್ಲಿ ಬರುತ್ತಾರೆ) ಮತ್ತು ಬಹು ನ್ಯೂನತೆ ಇರುವವರಿಗಾಗಿ ಬಂದದ್ದು. 18 ವರ್ಷ ತುಂಬಿದ ಮೇಲೆ ಗಾರ್ಡಿಯನ್ ನೇಮಿಸುವ ಅಧಿಕಾರ ಈ ಕಾಯ್ದೆಯಲ್ಲಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಇದೆ. ಅದರಲ್ಲಿ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಅಂಗವೈಕಲ್ಯ ಇರುವ ಒಬ್ಬರು ಇರುತ್ತಾರೆ. ನಿಮ್ಮ ಜಿಲ್ಲೆಗೆ ಅದು ಮಣಿಪಾಲದ ರಜತಾದ್ರಿ, ಅಂದರೆ ಜಿಲ್ಲಾಧಿಕಾರಿ ಕಚೇರಿ. ಇಷ್ಟು ಎಲ್ಲರಿಗೂ ಗೊತ್ತು. ಅದೇ ಕಾಯ್ದೆಯ ಸೆಕ್ಷನ್ 14ರಲ್ಲಿ ಇನ್ನೊಂದು ಮಾತು ಇದೆ, ಅದನ್ನು ಯಾರೂ ಓದುವುದಿಲ್ಲ. ಅರ್ಜಿ ಬಂದಾಗ ಈ ವ್ಯಕ್ತಿಗೆ ಗಾರ್ಡಿಯನ್ ಬೇಕಾ, ಬೇಕಾದರೆ ಯಾವ ಕೆಲಸಕ್ಕೆ ಬೇಕು ಎಂದು ಸಮಿತಿ ನೋಡಲೇಬೇಕು. ಡೌನ್ ಸಿಂಡ್ರೋಮ್ ಇದೆ ಎಂಬ ಒಂದೇ ಕಾರಣ ಸಾಕಾಗುವುದಿಲ್ಲ.

ಆಮೇಲೆ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದಕ್ಕೆ ಭಾರತ 2007ರಲ್ಲಿ ಒಪ್ಪಿಗೆ ಕೊಟ್ಟಿತು. ಅಂಗವೈಕಲ್ಯ ಇರುವವರು ಕಾನೂನಿನ ಮುಂದೆ ಎಲ್ಲರಂತೆ, ನಿರ್ಧಾರಕ್ಕೆ ಬೇಕಾದ ಬೆಂಬಲ ಕೊಡುವುದು ಸರ್ಕಾರದ ಜವಾಬ್ದಾರಿ ಎನ್ನುವುದು ಅದರ 12ನೇ ವಿಧಿ. ಅದನ್ನು ಅನುಸರಿಸಿ ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ಆಸ್ತಿ ಹೊಂದುವ, ಪಿತ್ರಾರ್ಜಿತ ಪಡೆಯುವ, ಹಣದ ವ್ಯವಹಾರ ತಾವೇ ನೋಡಿಕೊಳ್ಳುವ, ಸಾಲ ಪಡೆಯುವ ಹಕ್ಕು ಸೆಕ್ಷನ್ 13ರಲ್ಲಿದೆ. ಸೆಕ್ಷನ್ 14ರಲ್ಲಿ 'ಸೀಮಿತ ಗಾರ್ಡಿಯನ್' ಬರುತ್ತಾರೆ. ಸಾಕಷ್ಟು ಬೆಂಬಲ ಕೊಟ್ಟು ನೋಡಿದ ಮೇಲೂ ಕಾನೂನಿಗೆ ನಿಲ್ಲುವಂಥ ನಿರ್ಧಾರ ಮಾಡಲು ಆಗದಿದ್ದರೆ ಮಾತ್ರ ಅವರು. ಒಂದು ನಿರ್ದಿಷ್ಟ ನಿರ್ಧಾರಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಜೊತೆ ಮಾತಾಡಿ, ಅವರ ಇಷ್ಟದ ಪ್ರಕಾರ ನಡೆಯಬೇಕು. ಬೇರೆ ಕಾನೂನಿನಲ್ಲಿ ನೇಮಕವಾದ ಗಾರ್ಡಿಯನ್ ಕೂಡ ಈಗ ಸೀಮಿತ ಗಾರ್ಡಿಯನ್ ಥರವೇ ಕೆಲಸ ಮಾಡಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ನಿಮಗೆ ನಾಳೆ ಸರ್ಟಿಫಿಕೇಟ್ ಸಿಕ್ಕಿದರೂ 'ಎಲ್ಲ ನಾನೇ' ಎನ್ನುವ ಅಧಿಕಾರ ಸಿಗುವುದಿಲ್ಲ. ಸಿಗುವುದು ಲೆಕ್ಕದ ಹೊಣೆ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ನೇಮಕವಾದವರು ಆರು ತಿಂಗಳೊಳಗೆ ಆಸ್ತಿ, ಸಾಲದ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು.

'ಅವನು ತಪ್ಪು ನಿರ್ಧಾರ ಮಾಡಿದರೆ?' ಎಂದು ನೀವು ಕೇಳಿಯೇ ಕೇಳುತ್ತೀರಿ. ಮಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 4ರಲ್ಲಿ ನನಗೆ ತುಂಬ ಇಷ್ಟವಾದ ಒಂದು ಮಾತಿದೆ. ಒಬ್ಬರ ನಿರ್ಧಾರ ಬೇರೆಯವರಿಗೆ ತಪ್ಪು ಅನಿಸಿತು ಎಂದ ಮಾತ್ರಕ್ಕೆ ಅವರಿಗೆ ನಿರ್ಧಾರದ ಸಾಮರ್ಥ್ಯ ಇಲ್ಲ ಎಂದು ಹೇಳುವಂತಿಲ್ಲ. ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಬರೆದ ಮಾತು ಅದು. ಆದರೆ ಎಲ್ಲ ಮನೆಗೂ ಬೇಕಾದದ್ದು. ಸುಪ್ರೀಂ ಕೋರ್ಟ್ 2009ರಲ್ಲಿ ಇದಕ್ಕಿಂತ ಎಷ್ಟೋ ಕಷ್ಟದ ಪ್ರಕರಣ ನೋಡಿತ್ತು. ಚಂಡೀಗಢದ ಸರ್ಕಾರಿ ಆಶ್ರಯಧಾಮದಲ್ಲಿದ್ದ ಒಬ್ಬ ಯುವತಿಗೆ ಅಲ್ಪ ಪ್ರಮಾಣದ ಬೌದ್ಧಿಕ ನ್ಯೂನತೆ ಇತ್ತು. ಅತ್ಯಾಚಾರದಿಂದ ಗರ್ಭಿಣಿಯಾಗಿದ್ದರು. ಮಗು ಬೇಕು ಎಂದು ಹೇಳಿದ್ದರು. ಅವರ ಒಳ್ಳೆಯದಕ್ಕೆ ಎಂದು ಹೈಕೋರ್ಟ್ ಗರ್ಭಪಾತಕ್ಕೆ ಆದೇಶ ಕೊಟ್ಟಿತ್ತು. ಅವರ ಒಪ್ಪಿಗೆ ಇಲ್ಲದೆ ಹಾಗೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತಡೆಯಿತು. ಅಷ್ಟು ದೊಡ್ಡ ವಿಷಯದಲ್ಲೇ ಆ ಯುವತಿಯ ಮಾತಿಗೆ ಬೆಲೆ ಸಿಕ್ಕಿದೆ ಎಂದ ಮೇಲೆ ಎಟಿಎಂ ಕಾರ್ಡಿಗೆ ನಾವು ಯಾಕೆ ಇಷ್ಟು ಹೆದರುವುದು?

ಈಗ ಮಾವನ ಕಾಗದ. ಇದರಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಅದಕ್ಕೆ ತಮ್ಮನೂ ಸಹಿ ಹಾಕುವುದು ಬೇಡ, ಅವರ ಪರವಾಗಿ ನೀವೂ ಹಾಕಬೇಡಿ, ಅಪ್ಪನೂ ಹಾಕುವುದು ಬೇಡ. ಹೆಬ್ಬೆಟ್ಟು ಕೂಡ ಬೇಡ. ನ್ಯೂನತೆ ಇದೆ ಎಂದು ಯಾರ ಪಾಲೂ ತಪ್ಪುವುದಿಲ್ಲ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 28 ಇದನ್ನು ನೇರವಾಗಿ ಹೇಳುತ್ತದೆ. ನಿಮ್ಮದು ಅಳಿಯಸಂತಾನ ಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಬರುವ ಕುಟುಂಬವಾದರೆ ಪಾಲಿನ ಲೆಕ್ಕ ಬೇರೆ ಆಗುತ್ತದೆ. ಅದನ್ನು ದಾಖಲೆ ನೋಡಿ ವಕೀಲರು ಹೇಳಲಿ. ಆದರೆ ಅಮ್ಮನಿಂದ ನಿಮಗೆ ಏನು ಬರಬೇಕೋ ತಮ್ಮನಿಗೂ ಅದೇ ಬರಬೇಕು.

ಇನ್ನೊಂದು ವಿಷಯ, ನಿಮಗೆ ಬೇಸರವಾದರೂ ಹೇಳಬೇಕು. ಈ ಪಾಲಿನಲ್ಲಿ ನೀವು ಕೂಡ ಪಾಲುದಾರರು. ಸಹಾಯ ಮಾಡುವವರ ಲಾಭ ಮತ್ತು ಆ ವ್ಯಕ್ತಿಯ ಲಾಭ ಒಂದು ವ್ಯವಹಾರದಲ್ಲಿ ಎದುರುಬದುರಾದರೆ, ಆ ವ್ಯವಹಾರದ ಮಟ್ಟಿಗೆ ಸಹಾಯ ಮಾಡುವವರು ಹಿಂದೆ ಸರಿಯಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 13 ಹೇಳುತ್ತದೆ. ರಕ್ತಸಂಬಂಧಿ ಎಂದ ಮಾತ್ರಕ್ಕೆ ಯಾರ ಮೇಲೂ ಅನುಮಾನ ಪಡಬಾರದು ಎಂದೂ ಅಲ್ಲೇ ಇದೆ. ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ. ಆದರೂ ಮನೆ ಹಿಂದಿನ ಐದು ಸೆಂಟ್ಸ್ ಯಾರ ಕಡೆಗೆ ಹೋಗಬೇಕು ಎಂಬ ಮಾತು ಬಂದಾಗ ತಮ್ಮನ ಕಿವಿಯಲ್ಲಿ ಹೇಳಿಕೊಡುವವರು ನೀವಾಗಿರಬಾರದು. ಅವರಿಗೆ ಅಂತಲೇ ಬೇರೆ ವಕೀಲರು ಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅಂಗವೈಕಲ್ಯ ಇರುವವರಿಗೆ ಅದು ಉಚಿತ, ಉಡುಪಿ ಕೋರ್ಟಿನಲ್ಲೇ ವಿಚಾರಿಸಿ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ವಕೀಲರು ತಮ್ಮನ ಜೊತೆ ಒಬ್ಬರೇ ಕೂತು, ತುಳುವಿನಲ್ಲಿ, ಜಾಗಕ್ಕೆ ಹೋಗಿ ಗಡಿ ತೋರಿಸಿ ಮಾತಾಡಲಿ. ಸ್ಕೆಚ್ಚಿನಲ್ಲಿ ಅರ್ಥವಾಗದ್ದು ತೋಟದ ಅಗಳಿನ ಹತ್ತಿರ ನಿಂತಾಗ ಅರ್ಥವಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಪಾಲುಪಟ್ಟಿಯ ಅರ್ಥ ಅವರಿಗೆ ಆಗಲಿಲ್ಲ ಎಂದಾದರೆ, ಆ ಒಂದು ಪಾಲುಪಟ್ಟಿಗೆ ಮಾತ್ರ ಸೀಮಿತ ಗಾರ್ಡಿಯನ್ ಕೇಳಬಹುದು. ಆಗಲೂ ನಿಮ್ಮ ಹೆಸರು ಬೇಡ, ಪಾಲಿಲ್ಲದ ಯಾರಾದರೂ ಇರಲಿ.

ಬ್ಯಾಂಕಿನ ವಿಷಯ ಇಷ್ಟು ಕಷ್ಟದ್ದಲ್ಲ. ಸ್ಥಳೀಯ ಮಟ್ಟದ ಸಮಿತಿ ಕೊಟ್ಟ ಗಾರ್ಡಿಯನ್ ಸರ್ಟಿಫಿಕೇಟನ್ನು ಬ್ಯಾಂಕುಗಳು ಒಪ್ಪಬಹುದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ, ನಿಜ. ಖಾತೆ ನೋಡಿಕೊಳ್ಳಲು ಆಗದವರಿಗೆ ಅದು ಅನುಕೂಲ. ಕೌಂಟರಿನಲ್ಲಿ ಕೂತವರು ಮುಖ ನೋಡಿ ಎಲ್ಲರಿಗೂ ಅದನ್ನೇ ಕೇಳಿದಾಗ ತೊಂದರೆ ಶುರುವಾಗುತ್ತದೆ. 1872ರ ಕರಾರು ಕಾಯ್ದೆ ಕೂಡ ಕಾಯಿಲೆಯ ಹೆಸರು ಕೇಳುವುದಿಲ್ಲ. ಕರಾರು ಮಾಡುವ ಹೊತ್ತಿಗೆ ಅದು ಏನೆಂದು ಅರ್ಥವಾಗಿ, ತನಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಯೋಚಿಸಲು ಆಗುತ್ತದಾ ಎಂದು ಕೇಳುತ್ತದೆ, ಅಷ್ಟೇ.

ಮಂಗಳೂರಿನ ಒಂದು ಬ್ಯಾಂಕ್ ಶಾಖೆಗೆ ಸೆರೆಬ್ರಲ್ ಪಾಲ್ಸಿ ಇರುವ ಒಬ್ಬ ಮಹಿಳೆಯ ಜೊತೆ ಹೋಗಿದ್ದೆ. ಅವರ ಮಾತು ಹೊಸಬರಿಗೆ ತಿಳಿಯುವುದಿಲ್ಲ, ಮಡಿಲಲ್ಲಿ ಕನ್ನಡ ಅಕ್ಷರದ ಹಲಗೆ ಇಟ್ಟುಕೊಂಡು ಬೆರಳಲ್ಲಿ ತೋರಿಸುತ್ತಾರೆ. ಗುಮಾಸ್ತರು ಅವರ ಎದುರೇ ತಾಯಿಯನ್ನು ಕೇಳಿದರು, 'ಇವರಿಗೆ ಗೊತ್ತಾಗ್ತದಾ?' ತಾಯಿ ಉತ್ತರ ಕೊಡಲಿಲ್ಲ, ಹಲಗೆಯ ಕಡೆ ಕೈ ತೋರಿಸಿದರು. ಆ ಮಹಿಳೆ ಒಂದೊಂದೇ ಅಕ್ಷರ ಮುಟ್ಟುತ್ತಾ ಹೋದರು. ಬೆರಳು ಜಾರಿ ಎರಡು ಸಲ ಮೊದಲಿಂದ ಶುರು ಮಾಡಬೇಕಾಯಿತು. ಹಿಂದೆ ಕ್ಯೂ ಬೆಳೆಯುತ್ತಿತ್ತು. ಕೊನೆಗೆ ಬಂದ ವಾಕ್ಯ: 'ಒಂದು ವರ್ಷಕ್ಕೆ ಬಡ್ಡಿ ಎಷ್ಟು?' ಗುಮಾಸ್ತರು ಕುರ್ಚಿ ಎಳೆದುಕೊಂಡು ಅವರ ಪಕ್ಕ ಬಂದು ಕೂತರು. ಆಮೇಲೆ ಫಾರಂ ತುಂಬುವವರೆಗೆ ಅವರ ಹತ್ತಿರವೇ ಮಾತಾಡಿದರು. ಹಲಗೆ, ಸಮಯ, ಬಾಯಿ ಮುಚ್ಚಿ ಕೂತ ತಾಯಿ: ಅವರಿಗೆ ಬೇಕಾದ ಬೆಂಬಲ ಇಷ್ಟೇ ಆಗಿತ್ತು.

ನಿಮ್ಮ ತಮ್ಮನಿಗೆ ಏನು ಬೇಕು ಎಂದು ಮನೆಯಲ್ಲೇ ನೋಡಿ. ದಿನಾ ಡೈರಿಗೆ ಹಾಲು ಹಾಕುವವರು ಅವರು. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಹಣ ಎಷ್ಟು ಎಂದು ಚೀಟಿ ಬರುತ್ತದಲ್ಲ, ಅದನ್ನು ಅವರ ಕೈಗೆ ಕೊಟ್ಟು ಮಾತಾಡಿಸಿ. ಹಾಲಿನ ಹಣದಲ್ಲಿ ಅವರ ಕೆಲಸದ ಪಾಲು ಎಂದು ಒಂದು ಮೊತ್ತವನ್ನು ಅಪ್ಪ ಪ್ರತಿ ತಿಂಗಳು ಅವರ ಖಾತೆಗೆ ಹಾಕಲಿ. ಆಮೇಲೆ ಬ್ಯಾಂಕಿಗೆ ಹೋಗಿ, ಎಟಿಎಂ ಮಿತಿ ಕಡಿಮೆ ಇಡಲು ಹೇಳಿ. ಆ ಖಾತೆಯಲ್ಲಿ ತಿಂಗಳ ಖರ್ಚಿನಷ್ಟೇ ಇರಲಿ, ದೊಡ್ಡ ಮೊತ್ತ ಠೇವಣಿಯಲ್ಲಿರಲಿ. ಅವರು ಒಪ್ಪಿದರೆ ಮೆಸೇಜ್ ನಿಮ್ಮ ಫೋನಿಗೂ ಬರಲಿ. ಪಿನ್ ಯಾರಿಗೂ ಹೇಳಬಾರದು ಎಂದರೆ 'ಅಕ್ಕನಿಗೂ ಹೇಳಬಾರದು' ಎಂದೇ ಕಲಿಸಿ. ಸಾವಿರ ರೂಪಾಯಿ ಒಮ್ಮೆ ಹಾಳಾದೀತು. ಯಕ್ಷಗಾನದ ರಾತ್ರಿ ಗೆಳೆಯರಿಗೆಲ್ಲ ಚರುಮುರಿ, ಐಸ್‌ಕ್ರೀಮ್ ಕೊಡಿಸಿ ಬಂದಾರು. ನನ್ನ ಪ್ರಕಾರ ಅದು ನಷ್ಟವೇ ಅಲ್ಲ. ಶಾಖೆಯವರು ಆಗ್ರಹ ಬಿಡದಿದ್ದರೆ ಯಾವ ನಿಯಮದಡಿ ಕೇಳುತ್ತೀರಿ ಎಂದು ಬರೆದು ಕೊಡಿ, 2016ರ ಕಾಯ್ದೆಯ ಸೆಕ್ಷನ್ 13 ಉಲ್ಲೇಖಿಸಿ. 30 ದಿನದಲ್ಲಿ ಸರಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಇನ್ನು 'ಬರ್ಪುಜಿ'. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಅವರು ಉತ್ತರ ಕೊಟ್ಟಿದ್ದಾರೆ. ಆದರೆ ಯಾವ ಪ್ರಶ್ನೆಗೆ ಕೊಟ್ಟದ್ದು ಎಂದು ನಮಗಿನ್ನೂ ಗೊತ್ತಿಲ್ಲ.

ಸುರತ್ಕಲ್ ಕಡೆಯ ಒಬ್ಬ ಯುವತಿ ವೃತ್ತಿ ತರಬೇತಿ ಕೇಂದ್ರಕ್ಕೆ ಹೋಗುವುದಿಲ್ಲ ಎಂದು ದಿನಾ ಬೆಳಿಗ್ಗೆ ಹಠ ಮಾಡುತ್ತಿದ್ದರು. ಅಲ್ಲಿ ಇಷ್ಟ ಇಲ್ಲ, ಬಿಡಿಸಿಬಿಡೋಣ ಎಂದು ಮನೆಯವರು ತೀರ್ಮಾನಿಸಿದ್ದರು. ಅಲ್ಲಿನ ಟೀಚರ್ ಕೆಲವು ಫೋಟೋ ತೆಗೆದು ಮೇಜಿನ ಮೇಲೆ ಹರಡಿದರು: ಕೇಂದ್ರದ ಗೇಟು, ಮೇಣದಬತ್ತಿ ಮಾಡುವ ಮೇಜು, ಊಟದ ಕೋಣೆ, ಗೆಳತಿ, ಬಸ್ಸು. ಅವರು ಗೆಳತಿಯ ಫೋಟೋ ಎತ್ತಿ ತನ್ನ ಹತ್ತಿರ ಇಟ್ಟುಕೊಂಡರು. ಬಸ್ಸಿನ ಫೋಟೋವನ್ನು ಮೇಜಿನಿಂದ ಕೆಳಗೆ ತಳ್ಳಿದರು. ನಮ್ಮ ಬಸ್ಸುಗಳ ಅವಸರ ನಿಮಗೆ ಗೊತ್ತಲ್ಲ, ಮೆಟ್ಟಿಲು ಎತ್ತರ, ಕಾಲಿಡುವ ಮೊದಲೇ 'ರೈಟ್' ಎಂಬ ಕೂಗು. ಅವರ 'ಇಲ್ಲ' ಬಸ್ಸಿಗೆ ಆಗಿತ್ತು. ಪಕ್ಕದ ಮನೆಯವರೊಬ್ಬರು ಜೊತೆಗೆ ಹೋಗಲು ಶುರು ಮಾಡಿದ ಮೇಲೆ ಹಠ ನಿಂತಿತು.

ನಿಮ್ಮ ತಮ್ಮನ 'ಬರ್ಪುಜಿ'ಯನ್ನೂ ಹೀಗೇ ಬಿಡಿಸಿ ನೋಡಬೇಕು. ಲಿಫ್ಟಿನ ಭಯ ಇರಬಹುದು. ದನ ಬಿಟ್ಟು ಬರಲು ಮನಸ್ಸಿಲ್ಲದಿರಬಹುದು. ಡೈರಿಯ ದಾರಿಯಲ್ಲಿ ಹತ್ತು ಜನ ಹೆಸರು ಹಿಡಿದು ಮಾತಾಡಿಸುತ್ತಾರೆ, ಮಂಗಳೂರಿನ ಫ್ಲಾಟಿನಲ್ಲಿ ನೀವು ಕೆಲಸಕ್ಕೆ ಹೋದ ಮೇಲೆ ಯಾರಿದ್ದಾರೆ? 'ಅಪ್ಪನ ನಂತರ' ಎಂಬ ಮಾತೇ ಅವರನ್ನು ಹೆದರಿಸಿರಬಹುದು. ಅಮ್ಮನನ್ನು ಕಳೆದುಕೊಂಡು ಎರಡೇ ವರ್ಷ ಆಗಿದೆ.

ಕೇಳುವ ರೀತಿಯ ಬಗ್ಗೆ ಕೆಲವು ಮಾತು. ಮನೆ ಮಾತಿನಲ್ಲೇ ಕೇಳಿ. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಕೇಳಿದರೆ 'ಹ್ಞೂಂ' ಎನ್ನುವವರು ತುಳುವಿನಲ್ಲಿ ಕೇಳಿದಾಗ ನಿಜವಾದ ಉತ್ತರ ಕೊಡುವುದನ್ನು ನಾನು ತುಂಬ ಸಲ ನೋಡಿದ್ದೇನೆ. 'ಬರ್ತೀಯಲ್ಲ?' ಎಂದು ಕೇಳಬೇಡಿ, ಎದುರಿಗಿದ್ದವರನ್ನು ಖುಷಿಪಡಿಸಲು ಹೌದು ಎಂದುಬಿಡುತ್ತಾರೆ. 'ಅಲ್ಲಿಯಾ, ಇಲ್ಲಿಯಾ' ಎಂದು ಕೇಳಿದರೆ ಕೊನೆಗೆ ಹೇಳಿದ್ದನ್ನೇ ಹೇಳುವವರೂ ಇದ್ದಾರೆ. ಇನ್ನೊಂದು ದಿನ ಪ್ರಶ್ನೆಯನ್ನು ತಿರುಗಿಸಿ ಕೇಳಿ ನೋಡಿ. ಹಾಲು ಹಾಕಿ ಬಂದು ತಿಂಡಿ ತಿಂದ ಮೇಲಿನ ಹೊತ್ತು ಒಳ್ಳೆಯದು, ಸಂಜೆ ಸುಸ್ತಾದಾಗ ಬೇಡ. ಕೇಳಿದ ಮೇಲೆ ಸುಮ್ನೆ ಕಾಯಿರಿ, ನಮಗೆ ಕಸಿವಿಸಿಯಾಗುವಷ್ಟು ಹೊತ್ತು ಕಾಯಿರಿ. ನೀವೊಬ್ಬರೇ ಕೇಳಬೇಡಿ. ಅಕ್ಕನಿಗೆ ಬೇಜಾರಾಗುತ್ತದೆ ಎಂದು ಅವರು ನಿಮ್ಮ ಹತ್ತಿರ ಹೇಳದ್ದನ್ನು ಡೈರಿಯ ಸೆಕ್ರೆಟರಿ ಹತ್ತಿರ ಹೇಳಿಯಾರು.

ಕಾಣದ ಜಾಗದ ಬಗ್ಗೆ ಯಾರಿಗೂ ನಿರ್ಧಾರ ಮಾಡಲು ಆಗುವುದಿಲ್ಲ. ಮೊದಲು ಎರಡು ರಾತ್ರಿ ಬಂದು ಇರಲಿ. ಆಮೇಲೆ ಒಂದು ವಾರ, ನೀವು ಕೆಲಸಕ್ಕೆ ಹೋಗುವ ದಿನಗಳಲ್ಲೇ. ರಜೆ ಹಾಕಿ ಕೂತು ಬೀಚು, ಮಾಲ್ ತೋರಿಸಿದರೆ ಅವರು ನೋಡುವುದು ಸುಳ್ಳು ಮಂಗಳೂರು. ಹಿಂದೆ ಹೋಗುವ ದಿನ ಯಾವುದು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಿ, ಆ ದಿನ ತಪ್ಪಿಸಬೇಡಿ. ಒಮ್ಮೆ ತಪ್ಪಿದರೆ ಮುಂದಿನ ಸಲ ಅವರು ಗೇಟು ದಾಟುವುದಿಲ್ಲ. ಊಟ, ನಿದ್ದೆ, ಯಾರ ಹೆಸರು ಎತ್ತಿದರು, ಯಾವಾಗ ಮಂಕಾದರು ಎಂದು ಪುಸ್ತಕದಲ್ಲಿ ಬರೆದಿಡಿ. ಕೆಲವರಿಗೆ ಬಾಯಿಂದ ಬರದ ಉತ್ತರ ಅದರಲ್ಲಿ ಸಿಗುತ್ತದೆ.

ಇದರ ಜೊತೆಗೆ ಒಂದು ಬಳಗ ಮಾಡಿ. ಡೈರಿಯ ಸೆಕ್ರೆಟರಿ, ಪಕ್ಕದ ಮನೆಯವರು, ವಿಶೇಷ ಶಾಲೆಗೆ ಹೋಗಿದ್ದರೆ ಅಲ್ಲಿನ ಹಳೆಯ ಟೀಚರ್, ಒಬ್ಬ ಭಾವನೋ ಅಳಿಯನೋ. ಯಾರು ಬೇಕು ಎಂದು ತಮ್ಮನೇ ಹೇಳಲಿ. ಒಂದು ಹಾಳೆಯಲ್ಲಿ ಬರೆಯಿರಿ: ಡಾಕ್ಟರ ಹತ್ತಿರ ಹೋಗುವಾಗ ಯಾರು, ಬ್ಯಾಂಕಿಗೆ ಯಾರು, ಬಟ್ಟೆ ತರಲು ಯಾರು, ಯಾವುದಕ್ಕೆ ಯಾರೂ ಬೇಡ. ಸ್ಟಾಂಪ್ ಪೇಪರ್ ಬೇಕಿಲ್ಲ, ಇದು ಮನೆಯವರ ತಿಳಿವಳಿಕೆಗೆ. ಬೆಂಬಲ ಕೊಡುವವರನ್ನು ಬದಲಾಯಿಸುವ, ಬೇಡ ಎನ್ನುವ ಹಕ್ಕು ಅದೇ 2016ರ ಕಾಯ್ದೆಯ ಸೆಕ್ಷನ್ 13ರಲ್ಲೇ ತಮ್ಮನಿಗೆ ಇದೆ. ಅವರು ನಿಮ್ಮ ಹೆಸರನ್ನು ಬ್ಯಾಂಕಿನ ಸಾಲಿನಿಂದ ತೆಗೆದು ಭಾವನ ಹೆಸರು ಹಾಕಿದರೆ ಬೇಸರ ಪಡಬೇಡಿ.

ಕೊನೆಯದಾಗಿ ನಿಮ್ಮ ಬಗ್ಗೆ. ಅವರ ಇಷ್ಟಕ್ಕೆ ಬೆಲೆ ಕೊಡುವುದು ಎಂದರೆ ನೀವು ಕೆಲಸ ಬಿಟ್ಟು ಕಾಪುವಿಗೆ ಹೋಗಿ ಇರಬೇಕು ಎಂದಲ್ಲ. ಅವರು ಊರಲ್ಲೇ ಇರುತ್ತೇನೆ ಎನ್ನಬಹುದು. 'ನಾನು ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತೇನೆ, ಅದಕ್ಕಿಂತ ಜಾಸ್ತಿ ನನ್ನಿಂದ ಆಗುವುದಿಲ್ಲ' ಎಂದು ನೀವು ನೇರವಾಗಿ ಹೇಳಬಹುದು. ಅದನ್ನೂ ತಿಳಿದುಕೊಂಡೇ ಅವರು ನಿರ್ಧಾರ ಮಾಡಬೇಕು. ಉಳಿದ ದಿನಗಳಿಗೆ ಅಡುಗೆಗೆ ಒಬ್ಬರು, ರಾತ್ರಿ ಜೊತೆಗೆ ಒಬ್ಬರು ಸಿಗುತ್ತಾರಾ, ಹಿಂದಿನ ಕೋಣೆಯನ್ನು ನಂಬಿಕೆಯ ದಂಪತಿಗೆ ಬಾಡಿಗೆಗೆ ಕೊಡಬಹುದಾ ಎಂದು ಅಪ್ಪ ಗಟ್ಟಿ ಇರುವಾಗಲೇ ಮಾಡಿ ನೋಡಿ. ಗ್ರಾಮ ಪಂಚಾಯತಿನಲ್ಲಿ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರ ಪರಿಚಯ ಮಾಡಿಕೊಳ್ಳಿ, ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ), ಪಿಂಚಣಿಯ ಕೆಲಸ ಬಾಕಿ ಇದ್ದರೆ ಅವರ ಮೂಲಕ ಮುಗಿಸಿ. ಅಪ್ಪ ಆಸ್ಪತ್ರೆಗೆ ಸೇರಿದ ರಾತ್ರಿ ತಮ್ಮ ಯಾರಿಗೆ ಫೋನ್ ಮಾಡಬೇಕು ಎನ್ನುವುದನ್ನು ಈ ವಾರವೇ ಅವರ ಜೊತೆ ಕೂತು ಗೊತ್ತುಮಾಡಿ. ಆ ನಂಬರುಗಳನ್ನು ಫೋಟೋ ಸಮೇತ ಅವರ ಫೋನಿಗೆ ಹಾಕಿ, ನಿಮ್ಮೆದುರೇ ಒಮ್ಮೆ ಮಾಡಿಸಿ ನೋಡಿ.